ಹಳೆಯ ಕೇಳುಗರಿಗೆ ಮಾತ್ರ

ಮೋಜಣಿ ಸಾಹೇಬರು ತೀರಿಕೊಂಡು ಇಂದಿಗೆ ನಲವತ್ತು ದಿನ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅರ್ಜಿ ಕೊಡದವರ ಹೆಸರು ಕಾಗದದ ಮೇಲೆ ಬರಬಾರದು ಎನ್ನುವುದು ಅವರದೇ ನಿಯಮ. ಅವರು ನನಗೆ ಅರ್ಜಿ ಕೊಟ್ಟಿಲ್ಲ. ಭೂಮಾಪನದ ಕಚೇರಿಯಲ್ಲಿ ಸರ್ವೇಯರ್ ಆಗಿ ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಹೊಲ ಅಳೆದವರು. ಹೊಲದ ಅಳತೆಗೆ ನಮ್ಮ ಕಡೆ ಮೋಜಣಿ ಎನ್ನುತ್ತಾರೆ, ಹಾಗಾಗಿ ಬೀದರಿನ ಮೈಲೂರಿನ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಮೋಜಣಿ ಸಾಹೇಬರು. ನಮ್ಮ ಮನೆ ಎದುರಿಗೇ ಅವರ ಮನೆ.

ನಾನು ನರ್ಸಾಗಿ ಸೇರಿ, ನರ್ಸುಗಳ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಐದಕ್ಕೆ ಏಳುತ್ತೇನೆ. ಐದೂವರೆಗೆ ಅಂಗಳ ಗುಡಿಸುತ್ತೇನೆ. ಭಾನುವಾರ ಒಂಬತ್ತಕ್ಕೆ ಚರ್ಚು, ಒಂದಕ್ಕೆ ಊಟ. ಇಂಥ ನಾನು ಹನ್ನೊಂದು ವರ್ಷ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಜಪಾನಿ ಹಾಡು ನಡೆಯುವ ಜಾಗದಲ್ಲಿ ಕೂತಿದ್ದೆ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಂಬುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸಾಹೇಬರು ನಡೆಯುವಾಗ ಹೆಜ್ಜೆ ಎಣಿಸುತ್ತಿದ್ದರು. ದಾರಿಯಲ್ಲಿ ಯಾರಾದರೂ ಮಾತನಾಡಿಸಿದರೆ ಮೊದಲು ಎಷ್ಟನೆಯ ಹೆಜ್ಜೆಯೆಂದು ಬೆರಳು ಮಡಿಚಿ ಇಟ್ಟುಕೊಂಡು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಏನನ್ನಾದರೂ ಗಮನವಿಟ್ಟು ನೋಡುವಾಗ ಎಡಗಣ್ಣು ಮುಚ್ಚುತ್ತಿದ್ದರು. ಅವರು ಹೊಸದಾಗಿ ಓಣಿಗೆ ಬಂದಾಗ ನನ್ನೆದುರು ಹಾಗೆ ಮಾಡಿದರು. ನಾನು ನೇರವಾಗಿ ಹೋಗಿ ಅವರ ಹೆಂಡತಿ ಪ್ರಮಿಳಾಬಾಯಿಗೆ ದೂರು ಕೊಟ್ಟೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಮಗಷ್ಟೇ ಅಲ್ರಿ ಸಿಸ್ಟರ್, ಎಮ್ಮಿಗೂ ಹಂಗೇ ಮಾಡ್ತಾರ. ಎರಡೂ ಕಣ್ಣಿಲೆ ನೋಡಿದ್ರ ಗೆರಿ ಸೊಟ್ಟ ಕಾಣ್ತದಂತ."

ಆ ಹಾಡುಗಳು ಅವರಿಗೆ ಸಿಕ್ಕಿದ್ದು ಹೀಗೆ. ಅವರದು ಬೌದ್ಧ ಮನೆತನ. ಒಮ್ಮೆ ಇಲ್ಲಿನ ವಿಹಾರ ನೋಡಲು ಜಪಾನಿನಿಂದ ಹಿರಿಯರೊಬ್ಬರು ಬಂದರು. ಉತ್ತರದ ಹಿಮ ಬೀಳುವ ಸೀಮೆಯ ಅಕ್ಕಿ ವ್ಯಾಪಾರಿಯಂತೆ. ಇಂಗ್ಲಿಷ್ ಬರುತ್ತದೆಂದು ವಿಹಾರದವರು ಸಾಹೇಬರನ್ನು ಜೊತೆಗೆ ಕಳಿಸಿದರು. ಭಾಲ್ಕಿಗೆ ಹೋಗುವ ದಾರಿಯಲ್ಲಿ ಜೀಪಿನ ಟೈರು ಪಂಕ್ಚರ್ ಆಯಿತು. ಅದನ್ನು ಬದಲಿಸುವವರೆಗೆ ಆ ಹಿರಿಯರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ಒಂದು ಹಾಡು ಹೇಳಿದರು. ಅದರ ಹೆಸರು ಎಂಕಾ, ಅಂದರೆ ಅವರ ನಾಡಿನ ಜನ ಊರು ಬಿಟ್ಟು ಹೋದಾಗ, ಬಿಟ್ಟವರು ನೆನಪಾದಾಗ ಹಾಡುವ ಬಗೆಯ ಹಾಡು. ಸಾಹೇಬರು ಎಡಗಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೇಳುತ್ತ ಹಾಡಿನ ಸ್ವರವನ್ನು ಮನಸ್ಸಿನಲ್ಲೇ ಅಳೆದರಂತೆ. ಒಂದೊಂದು ಸ್ವರ ಇಲ್ಲಿಂದ ಊರಂಚಿನ ನೌಬಾದ ನಾಕಾದವರೆಗೆ ಉದ್ದವಿತ್ತು ಎಂದು ನನಗೆ ಹೇಳಿದ್ದರು.

ಮರುವರ್ಷ ಸಂಕ್ರಾಂತಿ ಹೊತ್ತಿಗೆ ಜಪಾನಿನಿಂದ ಒಂದು ಪೆಟ್ಟಿಗೆ ಬಂತು. ಆಮೇಲೆ ಪ್ರತಿ ವರ್ಷ ಬಂತು. ಅದರಲ್ಲಿ ಆ ವರ್ಷ ಅಲ್ಲಿ ಹೊಸದಾಗಿ ಬಂದು ಜನರಿಗೆ ಹಿಡಿಸಿದ ಎಂಕಾ ಹಾಡುಗಳು ಇರುತ್ತಿದ್ದವು. ಎರಡು ಕಟ್ಟು. ಒಂದು ಕಟ್ಟಿನಲ್ಲಿ ಸಿ.ಡಿ.ಗಳು. ಅವುಗಳ ಮೇಲೆ ಹೊಳೆಯುವ ಕೋಟು ತೊಟ್ಟ ಹುಡುಗ ಹುಡುಗಿಯರ ಚಿತ್ರ. ಇನ್ನೊಂದರಲ್ಲಿ ಕ್ಯಾಸೆಟ್ಟುಗಳು. ಆ ದೇಶದಲ್ಲಿ ಇಂಥ ಹಾಡು ಈಗಲೂ ಕ್ಯಾಸೆಟ್ಟಿನಲ್ಲಿ ಮಾರಾಟವಾಗುತ್ತದಂತೆ, ವಯಸ್ಸಾದವರು ಅದನ್ನೇ ಕೇಳುತ್ತಾರಂತೆ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಪ್ರತಿ ಹಾಡಿನ ಅರ್ಥ ಒಂದೇ ಸಾಲಿನಲ್ಲಿ. ಸಿ.ಡಿ. ಕಟ್ಟಿನ ಮೇಲೆ 'ಹೊಸದಾಗಿ ಕೇಳುವವರಿಗೆ' ಎಂದಿತ್ತು. ಕ್ಯಾಸೆಟ್ಟಿನ ಕಟ್ಟು ಅಂಟುಪಟ್ಟಿ ಹಚ್ಚಿ ಮುಚ್ಚಿತ್ತು. ಅದರ ಮೇಲೆ ಹೀಗಿತ್ತು: 'ಬಹಳ ಕಾಲ ಕೇಳಿದವರಿಗೆ. ದಯವಿಟ್ಟು ಅದಕ್ಕಿಂತ ಮೊದಲು ಬೇಡ.'

ಬೇರೆ ಯಾರಾದರೂ ಆಗಿದ್ದರೆ ಅಂದೇ ಹರಿದು ಹಚ್ಚುತ್ತಿದ್ದರು. ಇವರು ಆ ಕಟ್ಟನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು.

"ಸಿಸ್ಟರ್, ಬಹಳ ಕಾಲ ಅಂದ್ರ ಎಷ್ಟ್ರಿ?"

ಮೂರು ವರ್ಷ ಎಂದೆ. ನರ್ಸಿಂಗ್ ತರಬೇತಿ ಮೂರು ವರ್ಷ. ಅದಕ್ಕಿಂತ ಕಡಿಮೆಯಲ್ಲಿ ಮನುಷ್ಯ ಏನನ್ನೂ ಕಲಿಯುವುದಿಲ್ಲ. ಅವರು ತಲೆಯಾಡಿಸಿದರು. ಆಮೇಲೆ ತಮ್ಮದೊಂದು ತೊಡಕು ಹೇಳಿದರು. ಮೂರು ವರ್ಷ ಕೇಳಿದ ಮೇಲೂ ಈ ಕಟ್ಟನ್ನು ಒಬ್ಬರೇ ಬಿಚ್ಚುವಂತಿಲ್ಲ. ಮೋಜಣಿಗೆ ಪಂಚರು, ಅಂದರೆ ಸಾಕ್ಷಿಗಳು, ಬೇಕು. ಹೊಲದಲ್ಲಿ ಒಬ್ಬನೇ ನಿಂತು ಅಳೆದರೆ ಆ ಅಳತೆಗೆ ಬೆಲೆಯಿಲ್ಲ. ಹಾಗೆಯೇ ತನ್ನ ಜೊತೆ ಮೂರು ವರ್ಷ ತಪ್ಪದೆ ಕೇಳಿದ ಇನ್ನೊಬ್ಬರು ಪಕ್ಕದಲ್ಲಿ ಕೂತಿರಬೇಕು. ಆಗ ಮಾತ್ರ ಹಳಬರ ಹಾಡು.

ಹೀಗೆ ನಮ್ಮ ಪಡಸಾಲೆಯಲ್ಲಿ ಎಂಕಾ ಕೇಳುಗರ ಸಂಘ ಶುರುವಾಯಿತು. ಅವರ ಮನೆಯಲ್ಲಿ ಏಕೆ ಆಗಲಿಲ್ಲವೆಂದರೆ ಪ್ರಮಿಳಾಬಾಯಿ ಒಪ್ಪಲಿಲ್ಲ. ವಾರವಿಡೀ ಅವರ ಮಾತು ಕೇಳುತ್ತೇನೆ, ಕಚೇರಿಯವರಂತೆ ಐತಾರ ಒಂದು ದಿನ ನನಗೂ ಸುಟ್ಟಿ ಬೇಕು ಎಂದಳು. ನನ್ನ ಮನೆಯಲ್ಲಿ ಏನೇ ನಡೆದರೂ ನಿಯಮ ಇರುತ್ತದೆ, ಹಾಜರಿ ಪುಸ್ತಕ ಇರುತ್ತದೆ ಎಂದು ಮೊದಲೇ ಹೇಳಿದೆ. ಸಾಹೇಬರ ಮುಖ ಅರಳಿತು. ಅಂಥ ಮನೆಯನ್ನೇ ಹುಡುಕುತ್ತಿದ್ದರಂತೆ. ನಿಯಮಗಳನ್ನು ನಾನೇ ಬರೆದೆ. ನಾಲ್ಕಕ್ಕೆ ಶುರು, ನಾಲ್ಕೂಕಾಲಿಗೆ ಮುಗಿತಾಯ. ವಾರಕ್ಕೆ ಒಂದು ಹಾಡು, ಒಂದೇ ಸಲ. ಸತತ ಮೂರು ಭಾನುವಾರ ತಪ್ಪಿಸಿದವರ ಎಣಿಕೆ ಮತ್ತೆ ಸೊನ್ನೆಯಿಂದ.

ಮೊದಲ ದಿನವೇ ಅವರು ಟೇಪು ತಂದು ಪಡಸಾಲೆಯನ್ನು ಅಳೆದರು. ನನ್ನ ಕುರ್ಚಿ ಬಾಗಿಲ ಪಕ್ಕ, ಗಡಿಯಾರದ ಕೆಳಗೆ ಇತ್ತು. ಅಲ್ಲಿಂದ ಪ್ಲೇಯರ್ ಏಳು ಅಡಿ. ಕೂರುವ ಚಾಪೆ ಒಂಬತ್ತು ಅಡಿ. ನನ್ನ ಕುರ್ಚಿಯಿಂದಲೇ ಏಕೆ ಎಂದು ಕೇಳಿದೆ. ಎಲ್ಲ ಅಳತೆಯೂ ಬಾಂದುಕಲ್ಲಿನಿಂದ ಹೊರಡಬೇಕು ಎಂದರು. ಹೊಲದ ಗಡಿಯಲ್ಲಿ ಅಲುಗದಂತೆ ಹೂಳುವ ಕಲ್ಲು ಅದು. ಅಲ್ಲಿಂದ ಎಲ್ಲವನ್ನೂ ಅಳೆಯುತ್ತಾರೆ, ಆ ಕಲ್ಲನ್ನು ಯಾರೂ ಅಳೆಯುವುದಿಲ್ಲ.

ಹಾಡಿನ ಬಗ್ಗೆ ಹೇಳುವುದಾದರೆ, ನನಗೆ ಅದು ಮೊದಲ ಸಲ ಚಳಿಜ್ವರದವರ ನರಳಾಟದಂತೆ ಕೇಳಿಸಿತು. ಸ್ವರ ನೇರವಾಗಿ ಹೋಗುವುದಿಲ್ಲ, ನಡುಗುತ್ತದೆ, ಬಳುಕುತ್ತದೆ, ಇಳಿದಂತೆ ಮಾಡಿ ಮತ್ತೆ ಏರುತ್ತದೆ. ನಾನು ಕೇಳುವುದಕ್ಕೆ ಕೂರುತ್ತಿರಲಿಲ್ಲ, ಹಾಜರಿ ಹಾಕುವುದಕ್ಕೆ ಕೂರುತ್ತಿದ್ದೆ. ಇದನ್ನು ಎಲ್ಲರಿಗೂ ಹೇಳಿದ್ದೆ.

ಹಾಡಿಗೆ ಮೊದಲು ಸಾಹೇಬರು ಎದ್ದು ನಿಂತು ಹಾಳೆಯಲ್ಲಿದ್ದ ಅರ್ಥ ಹೇಳುತ್ತಿದ್ದರು. ಹೆಣ್ಣುಮಗಳು ಬಂದರಿನಲ್ಲಿ ನಿಂತಿದ್ದಾಳೆ, ಹಡಗು ಹೋಗಿದೆ. ಹಿಮ ಬೀಳುತ್ತಿದೆ, ಗಂಡಸು ಒಬ್ಬನೇ ಕುಡಿಯುತ್ತಿದ್ದಾನೆ. ಕೊನೆಯ ರೈಲು ಹೋಯಿತು, ತಾಯಿಯ ಕಾಗದ ಬಂತು. ಬಗದಲ್‌ನಿಂದ ಬುಟ್ಟಿಯಲ್ಲಿ ತರಕಾರಿ ತರುತ್ತಿದ್ದ ತುಳಜಮ್ಮ ಪ್ರತಿ ವಾರ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಆಕಿ ಗಂಡ ಎಲ್ಲಿಗಿ ಹೋಗ್ಯಾನ್ರಿ? ಪುಣೆಕ್ಕೋ ಹೈದ್ರಾಬಾದಿಗೋ?"

ಹಾಳೆಯಲ್ಲಿ ಬರೆದಿಲ್ಲ ಎಂದು ಸಾಹೇಬರು ಹೇಳುತ್ತಿದ್ದರು. ಎಲ್ಲಿಗೆ ಹೋದನೆಂದು ಹೇಳದೆ ಹೋದವನು ಎಂಥ ಗಂಡಸು ಎಂದು ತುಳಜಮ್ಮ ಆ ಹಡಗಿನವನನ್ನು ಬೈಯುತ್ತಿದ್ದಳು. ಸಮುದ್ರವನ್ನಾಗಲಿ ಹಿಮವನ್ನಾಗಲಿ ಅವಳು ಕಂಡವಳಲ್ಲ. ಬಸ್‌ಸ್ಟ್ಯಾಂಡ್ ಕಂಡಿದ್ದಳು, ಅಷ್ಟು ಸಾಕಾಗಿತ್ತು.

ಪ್ರತಿ ಹಾಡು ಮುಗಿದ ಮೇಲೆ ಅದೇ ಹಾಡಿನ ವಾದ್ಯ ಮಾತ್ರ ಇನ್ನೊಮ್ಮೆ ಬರುತ್ತಿತ್ತು, ಹಾಡುವವರ ದನಿಯಿಲ್ಲದೆ. ಕೇಳುಗರು ತಾವೇ ಹಾಡಲೆಂದು ಅಲ್ಲಿ ಹಾಗೆ ಮಾಡುತ್ತಾರಂತೆ. ತುಳಜಮ್ಮ ಹೊಸದಾಗಿ ಬಂದ ದಿನ ಅದು ಶುರುವಾದಾಗ ಗಾಬರಿಯಾಗಿ ಸುತ್ತ ನೋಡಿದಳು. "ಹಾಡೋಕಿ ಎಲ್ಲಿ ಹೋದಳ್ರಿ? ಆಕಿನೂ ಗುಳೆ ಹೋದಳೇನು?" ಎಂದಳು. ಎಲ್ಲರೂ ನಕ್ಕರು. ನನಗೆ ಹೊತ್ತು ಹಾಳು ಎನ್ನಿಸಿತು. ದನಿಯಿಲ್ಲದ ಭಾಗ ಬಂದ ಕೂಡಲೇ ಬಂದ್ ಮಾಡಬೇಕು ಎಂದು ಇನ್ನೊಂದು ನಿಯಮ ಸೇರಿಸಿದೆ. ಆಮೇಲೆ ಪ್ರತಿ ವಾರ ನಾನೇ ಎದ್ದು ಹೋಗಿ ಗುಂಡಿ ಒತ್ತುತ್ತಿದ್ದೆ. ಸಾಹೇಬರಿಗೆ ಆ ಭಾಗ ಇಷ್ಟವೆಂದು ಕಾಣುತ್ತದೆ. ನನ್ನ ಬೆರಳು ಗುಂಡಿಗೆ ತಾಗುವವರೆಗಿನ ನಾಲ್ಕು ಸೆಕೆಂಡು ಅವರ ತುಟಿ ಅಲುಗುತ್ತಿತ್ತು.

ಭಾನುವಾರ ಕುಡುಕರ ಹಾಡು ನಡೆಯುತ್ತದೆಂದು ಯಾರೋ ನಮ್ಮ ಪಾದ್ರಿಗಳಿಗೆ ಹೇಳಿದರು. ಅವರು ಬಂದು ಗಂಭೀರವಾಗಿ ಒಂದು ಹಾಡು ಕೇಳಿದರು. ಕುಡಿದವನು ಕಡೆಗೆ ಪಶ್ಚಾತ್ತಾಪ ಪಡುತ್ತಾನೋ ಇಲ್ಲವೋ ಎಂದು ಸಾಹೇಬರನ್ನು ಕೇಳಿದರು.

"ಪ್ರತಿ ಹಾಡಿನ್ಯಾಗೂ ಪಡ್ತಾನ್ರಿ. ಮುಂದಿನ ಹಾಡಿನ್ಯಾಗ ಮತ್ತ ಕುಡೀತಾನ."

ನಮ್ಮ ಸಭೆಯಲ್ಲೂ ಹಾಗೆಯೇ ಎಂದು ಹೇಳಿ ಪಾದ್ರಿಗಳು ಎದ್ದು ಹೋದರು.

ಸಾಹೇಬರು ಕೆಲಸಕ್ಕೆ ಹೋದ ಕಡೆಯೆಲ್ಲ ಶಾಖೆ ತೆರೆದರು. ಭಾಲ್ಕಿ ಶಾಖೆ ಒಂದು ಕ್ಷೌರದ ಅಂಗಡಿಯಲ್ಲಿ. ಹಾಡು ನಡುಗಿದಾಗ ಕ್ಷೌರಿಕನ ಕೈಯೂ ನಡುಗುತ್ತಿತ್ತು. ಇಬ್ಬರ ಗಲ್ಲ ಕೊಯ್ದ ಮೇಲೆ ಹಾಡಿನ ಹೊತ್ತಿನಲ್ಲಿ ತಲೆಗೂದಲು ಮಾತ್ರ, ಗಡ್ಡವಿಲ್ಲ ಎಂದು ಅಲ್ಲಿ ಬೋರ್ಡು ಹಾಕಬೇಕಾಯಿತು. ಔರಾದ್ ಶಾಖೆ ಒಂದು ಚಹಾದ ಹೋಟೆಲಿನಲ್ಲಿ. ಅಲ್ಲಿ ಮರಾಠಿ ಬಲ್ಲವರು ಹೆಚ್ಚು. ಇದು ಢೋಲಕಿ ಇಲ್ಲದ ಲಾವಣಿಯೇ ಎಂದು ವಾದಿಸಿ, ಢೋಲಕಿ ತಂದು ಬಾರಿಸಲು ಹೋದರಂತೆ. ಆಮೇಲೆ ಬರಗಾಲ ಬಿತ್ತು, ಅದರ ಎರಡನೆಯ ವರ್ಷ ಔರಾದ್ ಶಾಖೆಯವರೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು. ಉಳಿದ ಹೋಟೆಲಿನವನು ಶಾಖೆ ಮುಚ್ಚಲು ಅನುಮತಿ ಕೋರಿ ನನಗೆ ಲಿಖಿತ ಅರ್ಜಿ ಕಳಿಸಿದ. ಮಂಜೂರು ಮಾಡಿದೆ.

ಅದೇ ನಮ್ಮ ಸಂಘದ ರೋಗವೂ ಆಗಿತ್ತು. ದಸರೆ ಮುಗಿದರೆ ಚಾಪೆಯ ಮೇಲಿನವರು ಒಬ್ಬೊಬ್ಬರಾಗಿ ಪುಣೆಗೆ, ಹೈದರಾಬಾದಿಗೆ ಹೊರಡುತ್ತಿದ್ದರು. ಯುಗಾದಿಗೆ ಮರಳಿದರೆ ನಾನು ಸೊನ್ನೆಯಿಂದ ಎಣಿಸುತ್ತಿದ್ದೆ. ವರ್ಷದ ಮೇಲೆ ವರ್ಷ ಎಲ್ಲರೂ ಹೊಸ ಕೇಳುಗರೇ. ಹಳೆಯ ಕೇಳುಗರ ಪಟ್ಟಿಯಲ್ಲಿ ಸಾಹೇಬರದೊಂದೇ ಹೆಸರು. ಬಿಚ್ಚದ ಕಟ್ಟುಗಳು ಅವರ ಮನೆಯ ಟ್ರಂಕಿನಲ್ಲಿ ಸೇರುತ್ತಿದ್ದವು. ಅವರು ಆಗಾಗ ಒಂದು ಕಟ್ಟನ್ನು ತೆಗೆದು, ಕಿವಿಗೆ ಹಿಡಿದು, ಮತ್ತೆ ಇಡುತ್ತಾರೆಂದು ಪ್ರಮಿಳಾಬಾಯಿ ಹೇಳಿದ್ದಳು.

ಬರಗಾಲದ ಮೂರನೆಯ ವರ್ಷ ಒಂದು ವಿಚಿತ್ರ ನಡೆಯಿತು. ಔರಾದ್ ತಾಲೂಕಿನ ಒಂದು ಹಳ್ಳಿಗೆ ಒಣಗಿದ ಬೆಳೆ ಅಳೆಯಲು ಹೋದ ಸಾಹೇಬರು, ಮೇಲಿನವರ ಜೀಪು ಬರುವವರೆಗೆ ಬೇವಿನ ಮರದ ಕೆಳಗೆ ಕೂತು, ಪ್ಲೇಯರಿಗೆ ಸೆಲ್ಲು ಹಾಕಿ ಒಂದು ಹಾಡು ಹಚ್ಚಿದರು. ಹಾಡು ಮುಗಿಯುವಷ್ಟರಲ್ಲಿ ಮಳೆಯ ಹನಿ ಬಿದ್ದವು. ಹದಿನೇಳು ಹನಿ, ನೆಲದ ಮೇಲಿನ ಗುರುತು ಎಣಿಸಿದವರಿದ್ದಾರೆ. ಎರಡು ದಿನದಲ್ಲಿ ಸುದ್ದಿ ಬಗದಲ್ ಮುಟ್ಟಿತು. ಅಲ್ಲಿಯವರು ಬಂದು ಸಾಹೇಬರನ್ನು ಒಣಗಿದ ಕೆರೆಯ ದಂಡೆಗೆ ಕರೆದೊಯ್ದರು. ಹೊಳೆಯುವ ಕೋಟಿನ ಹುಡುಗ ಹಾಡಿದ, ಮಳೆ ಬರಲಿಲ್ಲ. ಇನ್ನೊಬ್ಬ ಹಾಡಿದ, ಬರಲಿಲ್ಲ. ಆಗ ತುಳಜಮ್ಮ ಬಾಯಿಬಿಟ್ಟಳು. ಇವು ಹೊಸಬರ ಹಾಡು, ಇದರಲ್ಲಿ ಹದಿನೇಳು ಹನಿಯಷ್ಟೇ ಬಲ, ನಿಜವಾದ ಹಾಡು ಟ್ರಂಕಿನಲ್ಲಿದೆ ಎಂದು ಹೇಳಿಬಿಟ್ಟಳು.

ಬುಧವಾರ ಬೆಳಿಗ್ಗೆ ಬಗದಲ್‌ನ ಹತ್ತು ಜನ ಹಿರಿಯರು ತೆಂಗಿನಕಾಯಿ ಹಿಡಿದು ನನ್ನ ಪಡಸಾಲೆಗೆ ಬಂದರು. ಸಾಹೇಬರು ಅವರ ಹಿಂದೆ ನಿಂತಿದ್ದರು. ನಿಯಮ ಸಡಿಲಿಸಿ ಒಂದು ಕ್ಯಾಸೆಟ್ಟು ಬಿಚ್ಚಿಸಬೇಕು ಎನ್ನುವುದು ಅವರ ಬೇಡಿಕೆ. ನಾನು ಪುಸ್ತಕ ತೆರೆದು ತೋರಿಸಿದೆ. ಸಾಹೇಬರನ್ನು ಬಿಟ್ಟರೆ ಮೂರು ವರ್ಷ ಕೂತವರು ಯಾರೂ ಇಲ್ಲ. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಒಂದು ಮಾತು ಕೇಳಿದರು.

"ಸಿಸ್ಟರ್, ನೀವು ದವಾಖಾನ್ಯಾಗ ಇದ್ದವರು. ಮನುಷ್ಯ ಸಾಯ್ಲಿಕತ್ತಾಗ ನೀವು ಚೀಟಿ ಕೇಳ್ತಿದ್ರೇನು?"

"ಕೇಳ್ತಿದ್ದೆ," ಎಂದೆ.

ಕೇಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವರು ತೆಂಗಿನಕಾಯಿ ವಾಪಸು ಒಯ್ದರು. ಸಾಹೇಬರು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನನ್ನು ಎಡಗಣ್ಣು ಮುಚ್ಚಿ ನೋಡಿ, ನಿಮ್ಮ ಮಾತು ಸರಿಯೇ ಇದೆ ಎಂದರು. ಅವರ ಆಸೆ ಆ ದಿನ ಎಷ್ಟು ದೊಡ್ಡದಿತ್ತೆಂದು ನನಗೆ ತಿಳಿಯಲಿಲ್ಲ. ಹತ್ತು ಜನ ಮಳೆಗಾಗಿ ಬಂದಿದ್ದರು, ಹನ್ನೊಂದನೆಯವರು ಹಾಡಿಗಾಗಿ ಬಂದಿದ್ದರು.

ಮುಂದೆ ಮಳೆ ತಾನಾಗಿಯೇ ಬಂತು, ಒಂದು ಗುರುವಾರ, ಯಾವ ಹಾಡೂ ಇಲ್ಲದೆ. ಆದರೆ ಅದಕ್ಕಿಂತ ಮೊದಲೇ ತುಳಜಮ್ಮ ಹೊರಟುಹೋದಳು.

ತುಳಜಮ್ಮನೇ ನಮ್ಮ ಭರವಸೆಯಾಗಿದ್ದಳು. ಸೇರಿದಂದಿನಿಂದ ಒಂದು ಭಾನುವಾರವೂ ತಪ್ಪಿಸದವಳು. ಇನ್ನು ಒಂಬತ್ತು ಭಾನುವಾರ ಕೂತಿದ್ದರೆ ಹಳೆಯ ಕೇಳುಗರಿಗೆ ಸೇರುತ್ತಿದ್ದಳು. ಸಾಹೇಬರು ಆ ಒಂಬತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ್ದರು. ಕ್ಯಾಸೆಟ್ ಪ್ಲೇಯರಿನ ಧೂಳು ಒರೆಸಿ ಇಟ್ಟಿದ್ದರು. ಅಂಥ ದಿನಗಳಲ್ಲಿ ಅವಳು ಖಾಲಿ ಬುಟ್ಟಿ ಹಿಡಿದು ಬಂದಳು.

"ಬಾವ್ಯಾಗ ನೀರಿಲ್ರಿ, ಬದನಿಕಾಯಿ ಎಲ್ಲಿಂದ ತರ್ಲಿ? ಮಗ ಸೊಸಿ ಪುಣೆಕ್ಕ ಹೊಂಟಾರ, ಕಟ್ಟಡ ಕೆಲಸ. ಕೂಸಿನ ನೋಡ್ಲಿಕ್ಕ ನಾನೂ ಹೋಗ್ತೇನಿ."

ಸಾಹೇಬರು ಒಂಬತ್ತು ವಾರ ತಡೆಯಲು ಆಗುವುದಿಲ್ಲವೇ ಎಂದು ಕೇಳಲಿಲ್ಲ. ಅದು ಕೇಳುವ ಮಾತಲ್ಲ ಎಂದು ಅವರಿಗೆ ಗೊತ್ತಿತ್ತು. ಅವಳೇ ಒಂದು ದಾರಿ ಹೇಳಿದಳು. ಐತಾರ ನಾಲ್ಕಕ್ಕೆ ಮಗನ ಫೋನಿನಿಂದ ಮಾಡುತ್ತೇನೆ, ಹಾಡಿನ ಮುಂದೆ ಫೋನು ಹಿಡಿಯಿರಿ, ಅಲ್ಲಿಂದಲೇ ಕೇಳುತ್ತೇನೆ ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ಹಾಜರಿ ಎಂದರೆ ಇಲ್ಲಿ ಇರುವುದು, ಪುಣೆಯಲ್ಲಿ ಇರುವುದಲ್ಲ ಎಂದೆ.

ಆ ದಿನಗಳಲ್ಲಿ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು. ಬೆಳಗಿನಿಂದಲೇ ಹೆಂಗಸರು ರಸ್ತೆಯಲ್ಲಿ ಕೊಡಗಳನ್ನು ಸಾಲಾಗಿ ಇಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಕೊಡ ಇದ್ದರೆ ಪಾಳಿ ಇದೆ. ಅದನ್ನು ಯಾರೂ ಸರಿಸುತ್ತಿರಲಿಲ್ಲ. ಸಾಹೇಬರು ಬಾಗಿಲಿನಿಂದ ಆ ಸಾಲನ್ನು ತೋರಿಸಿದರು.

"ಸಿಸ್ಟರ್, ಅಲ್ಲಿ ಕೊಡ ನಿಂತರ ಮನುಷ್ಯ ನಿಂತಂಗ. ಇಲ್ಲಿ ಯಾಕ ಅಲ್ರಿ?"

"ಕೊಡಕ್ಕ ಕಿವಿ ಇಲ್ಲ ಸಾಹೇಬ್ರ," ಎಂದೆ.

ಆದರೆ ತುಳಜಮ್ಮನಿಗೆ ಆ ಮಾತು ಹಿಡಿಸಿತು. ಮರುದಿನ ಬಸ್ಸಿಗೆ ಹೋಗುವ ಮೊದಲು ಬಂದು, ತನ್ನ ಹಸಿರು ಪ್ಲಾಸ್ಟಿಕ್ ಕೊಡವನ್ನು ಚಾಪೆಯ ಮೇಲೆ ತಾನು ಕೂರುವ ಜಾಗದಲ್ಲಿ ಇಟ್ಟು ಹೋದಳು. ಅದನ್ನು ತೆಗೆಯಬೇಕೆಂದು ನಿಯಮ ಇರಲಿಲ್ಲ. ಇದ್ದಲ್ಲಿಯೇ ಬಿಟ್ಟೆ. ಆಮೇಲೆ ಪ್ರತಿ ಭಾನುವಾರ ನಾಲ್ಕಕ್ಕೆ ಅವಳ ಫೋನು ಬರುತ್ತಿತ್ತು. ಸಾಹೇಬರು ಫೋನನ್ನು ಕೊಡದ ಬಾಯಿಯ ಮೇಲೆ ಇಡುತ್ತಿದ್ದರು. ನಾನು ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆಯುತ್ತಿದ್ದೆ. ಕೊಡದೊಳಗಿಂದ ಅವಳ ಪ್ರಶ್ನೆ ಕೇಳಿಸುತ್ತಿತ್ತು: ಆಕಿ ಗಂಡ ಎಲ್ಲಿಗಿ ಹೋಗ್ಯಾನ್ರಿ? ನಾನು ಬರೆಯುವುದನ್ನು ನಿಲ್ಲಿಸಲಿಲ್ಲ.

ಸಾಹೇಬರು ನಿವೃತ್ತರಾದರು. ಚಾಪೆಯ ಮೇಲೆ ಕೆಲವರು ಬಂದರು, ಹೋದರು. ಕಡೆಯ ವರ್ಷಗಳಲ್ಲಿ ಹಲವು ಭಾನುವಾರ ಪಡಸಾಲೆಯಲ್ಲಿ ಇದ್ದದ್ದು ಸಾಹೇಬರು, ನಾನು, ಹಸಿರು ಕೊಡ. ಅವರು ಎಂದಿನಂತೆ ಎದ್ದು ನಿಂತು ಅರ್ಥ ಹೇಳುತ್ತಿದ್ದರು, ಕೊಡಕ್ಕೂ ನನಗೂ.

ಆ ಕಾಲದಲ್ಲೇ ಅವರು ಆಗಾಗ ಒಂದು ಮಾತು ಹೇಳತೊಡಗಿದರು. ಹಾಡು ಮುಗಿದು ಎದ್ದು ಹೋಗುವಾಗ, ಹೊಸ್ತಿಲಲ್ಲಿ ನಿಂತು, ಸುಮ್ಮನೆ ಎಂಬಂತೆ.

"ಸಿಸ್ಟರ್, ನೀವೊಂದು ಅರ್ಜಿ ಬರದು ಕೊಡ್ರಲ್ಲ."

ಅವರು ಸರ್ವೇಯರು. ಅರ್ಜಿ ಎಂದರೆ ನನಗೆ ಹೊಳೆದದ್ದು ಗಡಿಯ ಅರ್ಜಿ. ನಮ್ಮ ಕಂಪೌಂಡು ಬರೋಬ್ಬರಿ ಇದೆ, ಎಲ್ಲೂ ತಪ್ಪಿಲ್ಲ, ನನಗೆ ಯಾವ ಅಳತೆಯೂ ಬೇಡ ಎಂದು ಪ್ರತಿ ಸಲ ಹೇಳುತ್ತಿದ್ದೆ. ಅವರು ಎಡಗಣ್ಣು ಮುಚ್ಚಿ ನನ್ನನ್ನೂ ಕುರ್ಚಿಯನ್ನೂ ಗಡಿಯಾರವನ್ನೂ ನೋಡಿ, ಬರೋಬ್ಬರಿ ಅದರಿ, ಖರೆ ಅದ, ಎಂದು ಹೋಗುತ್ತಿದ್ದರು. ಅರ್ಜಿ ಹಾಕಿ ಎಂದು ಸರ್ಕಾರಿ ನೌಕರ ಹೇಳಬಾರದು, ಕೊಟ್ಟರೆ ತೆಗೆದುಕೊಳ್ಳಬೇಕು ಎಂಬುದು ಅವರ ಕಟ್ಟುಪಾಡು. ಅಷ್ಟು ಹೇಳಿದ್ದೇ ಅವರು ತಮ್ಮ ನಿಯಮವನ್ನು ಮೀರಿ ಹೇಳಿದ್ದು ಎಂದು ಈಗ ತಿಳಿಯುತ್ತದೆ.

ಕೊನೆಯ ಭಾನುವಾರ ಅವರು ಓಣಿ ದಾಟಿ ಬರಲು ಎರಡು ಸಲ ನಿಂತರು. ಬಂದು ಕೂತಾಗ ಬೆವರುತ್ತಿದ್ದರು. ಹಾಡು ನಡೆಯುತ್ತಿದ್ದಂತೆ ನಾನು ಅವರ ಕೈ ಹಿಡಿದು ನಾಡಿ ನೋಡಿದೆ. ಪೂರ್ತಿ ಒಂದು ನಿಮಿಷ, ಗಡಿಯಾರ ನೋಡಿಕೊಂಡು. ನಾಡಿ ಸರಿಯಿರಲಿಲ್ಲ. ಇಂದೇ ಆಸ್ಪತ್ರೆಗೆ ಹೋಗಬೇಕು ಎಂದೆ. ಹಾಡು ಮುಗಿಯಲಿ ಎಂದರು. ಮುಗಿದ ಮೇಲೆ ಹೋದರು. ಮಂಗಳವಾರ ತೀರಿಕೊಂಡರು.

ಹದಿನೈದು ದಿನ ಕಳೆದ ಮೇಲೆ ಪ್ರಮಿಳಾಬಾಯಿ ಆ ಟ್ರಂಕನ್ನು ನನ್ನ ಪಡಸಾಲೆಗೆ ಎಳೆದು ತಂದಳು. ಒಳಗೆ ಹನ್ನೊಂದು ಕಟ್ಟು. ಒಂದರ ಅಂಟುಪಟ್ಟಿಯೂ ಬಿಚ್ಚಿರಲಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗಲೂ ಬಿಚ್ಚಿರಲಿಲ್ಲ. ಅವುಗಳ ಕೆಳಗೆ ಸರ್ವೇಯವರು ಟಿಪ್ಪಣಿ ಎಂದು ಕರೆಯುವ ಅಳತೆಯ ಚಿತ್ರಗಳ ಒಂದು ಹೊರೆ ಇತ್ತು. ಭಾನುವಾರಕ್ಕೊಂದು. ಎಲ್ಲವೂ ನನ್ನ ಪಡಸಾಲೆಯ ಚಿತ್ರ.

ಒಂದೊಂದಾಗಿ ತಿರುವಿದೆ. ಚಾಪೆಯ ಮೇಲೆ ಕೂತವರೆಲ್ಲ ಸಣ್ಣ ಚುಕ್ಕೆಗಳು. ಪ್ರತಿ ಚುಕ್ಕೆಗೂ ಅಡಿ ಅಂಗುಲ ಬರೆದಿದ್ದರು. ವಾರದಿಂದ ವಾರಕ್ಕೆ ಚುಕ್ಕೆಗಳು ಸರಿಯುತ್ತವೆ, ಮಾಯವಾಗುತ್ತವೆ, ಬೇರೆ ಜಾಗದಲ್ಲಿ ಮೂಡುತ್ತವೆ. ತುಳಜಮ್ಮನ ಚುಕ್ಕೆ ಅವಳು ಪುಣೆಗೆ ಹೋದ ವಾರದಿಂದ ಸಣ್ಣ ವೃತ್ತವಾಗಿದೆ, ಪಕ್ಕದಲ್ಲಿ 'ಕೊಡ' ಎಂದಿದೆ. ಒಂದು ಗುರುತು ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಅಂಗುಲವೂ ಸರಿದಿಲ್ಲ. ಬಾಗಿಲ ಪಕ್ಕದ ಸಣ್ಣ ಚೌಕ. ಎಲ್ಲ ಗೆರೆಗಳೂ ಅಲ್ಲಿಂದಲೇ ಹೊರಟಿವೆ. ಅದರ ಮುಂದೆ ಬರೆದಿದ್ದರು: ಬಾಂದುಕಲ್ಲು.

ಹಾಜರಿ ಪುಸ್ತಕ ತೆಗೆದೆ. ಅದರಲ್ಲಿ ನನ್ನ ಹೆಸರೇ ಇಲ್ಲ. ಹಾಜರಿ ಹಾಕುವವಳು ತನ್ನ ಹೆಸರು ಬರೆಯುವುದಿಲ್ಲವಲ್ಲ. ನಾನು ಮೂರು ವರ್ಷ ಪೂರೈಸಿದ ಭಾನುವಾರದ ಚಿತ್ರವನ್ನು ಹುಡುಕಿದೆ. ಚೌಕದ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಸಾಲು: 'ಅವಧಿ ಪೂರ್ಣ. ಅರ್ಜಿಗಾಗಿ ಕಾಯುವುದು.' ಅದಾದ ಮೇಲಿನ ಎಂಟು ವರ್ಷದ ಪ್ರತಿ ಚಿತ್ರದ ಮೇಲೂ ಅದೇ ಮಾತು, 'ಕಾಯುವುದು'.

ಪ್ರಮಿಳಾಬಾಯಿ ಏನಾಯಿತು ಎಂದು ಕೇಳಿದಳು. ಏನೂ ಇಲ್ಲ, ಭಾನುವಾರ ನಾಲ್ಕಕ್ಕೆ ಬಾ ಎಂದೆ. ಐತಾರ ತನಗೆ ಸುಟ್ಟಿ ಎಂದು ಅವಳು ಹೇಳಲಿಲ್ಲ.

ಭಾನುವಾರ ಮೂರೂವರೆಗೆ ಕೂತು ಅರ್ಜಿ ಬರೆದೆ. ಹಳೆಯ ಕೇಳುಗರ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಬೇಕಾಗಿ ವಿನಂತಿ. ಸಹಿ ಮಾಡಿ, ತಾರೀಖು ಹಾಕಿ, ಸ್ವೀಕರಿಸಲು ಸಾಹೇಬರು ಇಲ್ಲದ್ದರಿಂದ ಪ್ರಮಿಳಾಬಾಯಿಯ ಕೈಗೆ ಕೊಟ್ಟೆ. ಅವಳು ಎರಡೂ ಕಣ್ಣು ತೆರೆದು ಓದಿ, ಮಡಿಚಿ, ಟ್ರಂಕಿನಲ್ಲಿ ಇಟ್ಟಳು. ನಾಲ್ಕಕ್ಕೆ ಪುಣೆಯಿಂದ ಫೋನು ಬಂತು. ಅದನ್ನು ಕೊಡದ ಬಾಯಿಯ ಮೇಲೆ ಇಟ್ಟೆ. ಮೊದಲ ಕಟ್ಟನ್ನು ಬಿಚ್ಚಿ, ಕ್ಯಾಸೆಟ್ಟು ಹಾಕಿ, ಹಾಳೆಯ ಸಾಲು ಓದಿದೆ. ಹೆಣ್ಣುಮಗಳು ಬಂದರಿನಲ್ಲಿ ನಿಂತಿದ್ದಾಳೆ, ಹಡಗು ಹೋಗಿದೆ. ಅಷ್ಟೇ ಇತ್ತು.

ಹಾಡು ಮುಗಿಯಿತು. ಕೊಡದೊಳಗಿಂದ ತುಳಜಮ್ಮನ ದನಿ ಬಂತು.

"ಇಷ್ಟೇ ಏನ್ರಿ ಸಿಸ್ಟರ್? ಇದೂ ಹೊಸಬರ ಹಾಡಿನಂಗೇ ಅದಲ್ಲ."

"ಇಲ್ಲ ತುಳಜಮ್ಮ," ಎಂದೆ. "ಹೊಸಬರ ಹಾಡಿನ್ಯಾಗ ಆಕಿ ಅಳ್ತಾಳ. ಇದ್ರಾಗ ಅಳೂದಿಲ್ಲ. ಕೊನಿ ಸಾಲಿಗಿ ಮೊದಲ ಜರಾ ತಡೀತಾಳ ನೋಡು, ಉಸಿರು ಹಿಡದು. ಆ ಹೊಸ ಹಾಡಿನವರು ಯಾರೂ ಹಂಗ ತಡೀತಿರ್ಲಿಲ್ಲ."



"ನೀವು ಹಾಡು ಕೇಳೋಕಿ ಅಲ್ಲಂತಿದ್ರಿ," ಎಂದಳು ತುಳಜಮ್ಮ.

ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ಹಾಜರಿ ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದು ಹಾಜರಿ ಹಾಕಿದೆ. ಅಷ್ಟರಲ್ಲಿ ಟೇಪು ಮುಂದೆ ಓಡಿ, ದನಿಯಿಲ್ಲದ ಭಾಗ ಶುರುವಾಗಿತ್ತು. ಗಡಿಯಾರ ನಾಲ್ಕೂಕಾಲು ದಾಟಿತ್ತು. ನಿಯಮದಂತೆ ಎದ್ದು ಹೋಗಿ ಗುಂಡಿ ಒತ್ತಬೇಕಾದವಳು ನಾನು. ಪ್ರಮಿಳಾಬಾಯಿ ನನ್ನ ಮುಖ ನೋಡಿದಳು. ನಾನು ಏಳಲಿಲ್ಲ.